ಹಿಂದೆ ಸರಿಯಲು ಜಾಗವಿಲ್ಲದವರ ಲೆನ್ಸು

ಚಿತ್ರದ ಚೌಕಟ್ಟಿನಲ್ಲಿ ಹಿಡಿಸದಿದ್ದರೆ ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕೆಂದು ಛಾಯಾಗ್ರಹಣ ಕಲಿಸುವವರೆಲ್ಲ ಹೇಳುತ್ತಾರೆ. ಅವರಲ್ಲಿ ಒಬ್ಬರೂ ಮಕರ ಸಂಕ್ರಾಂತಿಯ ರಾತ್ರಿ ಮೂರು ತೇರು ಎಳೆಯುವಾಗ ಉಡುಪಿಯ ರಥಬೀದಿಯಲ್ಲಿ ನಿಂತವರಲ್ಲವೆಂದು ನನ್ನ ಗುಮಾನಿ. ಅಲ್ಲಿ ಮೊದಲ ಹೆಜ್ಜೆಗೆ ಯಾರದೋ ಹೆಬ್ಬೆರಳು, ಎರಡನೆಯದಕ್ಕೆ ಚುರುಮುರಿಯವರ ಬುಟ್ಟಿ, ಮೂರನೆಯದಕ್ಕೆ ಅಂಗಡಿಯ ಜಗಲಿ ಸಿಗುತ್ತದೆ. ನಾಲ್ಕನೆಯ ಹೆಜ್ಜೆಯ ಪ್ರಶ್ನೆಯೇ ಬರುವುದಿಲ್ಲ. ನನ್ನ ಕ್ರಾಪ್ ಸೆನ್ಸರ್ (ಬೆಳಕು ಹಿಡಿಯುವ ಫಲಕ ಚಿಕ್ಕದಾದ) ಮಿರರ್‌ಲೆಸ್ ಕ್ಯಾಮೆರಾದ 18–55 ಮಿ.ಮೀ. ಲೆನ್ಸನ್ನು ಎಷ್ಟು ಅಗಲಕ್ಕೆ ತಿರುಗಿಸಿದರೂ ತೇರಿನ ಕಳಶ, ಚಕ್ರ ಎರಡರಲ್ಲಿ ಒಂದನ್ನು ಬಿಟ್ಟೇ ಕ್ಲಿಕ್ಕಿಸಬೇಕಾಗುತ್ತಿತ್ತು. ಕಳಶ ಬಿಟ್ಟರೆ ಅಮ್ಮ ಅದನ್ನು ಅಪಶಕುನವೆಂದು ಭಾವಿಸುತ್ತಿದ್ದರು. ಚಕ್ರ ಬಿಟ್ಟರೆ ತೇರು ಜನರ ತಲೆಯ ಮೇಲೆಯೇ ಸಾಗುತ್ತಿದೆಯೇ ಎಂದು ಪಕ್ಕದ ಮನೆಯವರು ವಿಚಾರಿಸುತ್ತಿದ್ದರು.

ಅಗಲವಾದ ಲೆನ್ಸು, ಅಂದರೆ ಇನ್ನೂ ಕಡಿಮೆ ಮಿ.ಮೀ.ನದು, ಬೇಕೆಂದು ಮಣಿಪಾಲದ ಭಾವನ ಬಳಿ ಹೇಳಿದೆ. ಅವರದು ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ. ಉಪದೇಶವೂ ಅದೇ ಅಳತೆಯದು. "24 ಸಾಕು ಮಾರಾಯ, ಎಂತಕ್ಕೆ ತಲೆಬಿಸಿ ಮಾಡ್ತಿ?" ಎಂದರು. ಅವರ ಕ್ಯಾಮೆರಾದಲ್ಲಿ 24 ಮಿ.ಮೀ. ನಿಜಕ್ಕೂ ಧಾರಾಳ. ಆದರೆ ನನ್ನದರಂಥ ಚಿಕ್ಕ ಸೆನ್ಸರು ಅಂಚುಗಳನ್ನು ಕತ್ತರಿಸಿ ನಡುವಿನ ಭಾಗವನ್ನಷ್ಟೇ ಉಳಿಸಿಕೊಳ್ಳುವುದರಿಂದ ಲೆನ್ಸಿನ ಮೇಲೆ ಬರೆದ ಅಳತೆಯನ್ನು 1.5ರಿಂದ ಗುಣಿಸಿ ನೋಡಬೇಕು, ಕ್ಯಾನನ್‌ನವರಾದರೆ 1.6. ಆ ಲೆಕ್ಕದಲ್ಲಿ 24 ಎಂಬುದು 36 ಆಗಿ, ತೇರು ಹೋಗಲಿ, ತೇರಿನ ಹಗ್ಗ ಹಿಡಿದವರೂ ಪೂರ್ತಿ ಬರುವುದಿಲ್ಲ. ಭಾವನ 24ರ ನೋಟ ನನಗೆ ಸಿಗಬೇಕಾದರೆ 16 ಮಿ.ಮೀ. ಬೇಕು, ಅವರಿಗೆ 18ರಲ್ಲಿ ಕಾಣುವುದು ನನಗೆ ಕಾಣಬೇಕಾದರೆ 12. ಈ ಗುಣಾಕಾರವನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೂ ಅವರು, "ಅದೆಲ್ಲ ಸರಿ, ಆದರೂ 24 ಸಾಕು" ಎಂದರು.

ಅಗಲವೊಂದೇ ಸಾಲದು, ಬೆಳಕೂ ಧಾರಾಳವಾಗಿ ಒಳಬರಬೇಕು. ನಮ್ಮೂರಿನಲ್ಲಿ ನೋಡತಕ್ಕದ್ದೆಲ್ಲ ನಡೆಯುವುದು ರಾತ್ರಿ: ಭೂತಕೋಲ, ದೀಪೋತ್ಸವ, ಗದ್ದೆಯಲ್ಲಿ ಬೆಳಗಿನವರೆಗಿನ ಯಕ್ಷಗಾನದ ಆಟ. ಫ್ಲ್ಯಾಶ್ ಹೊಡೆದರೆ ಪಾತ್ರಧಾರಿಗಿಂತ ಮೊದಲು ಮುಂದಿನ ಸಾಲಿನ ಅಜ್ಜನೇ ತಿರುಗಿ ನೋಡುತ್ತಾರೆ. ಎಫ್ ಸಂಖ್ಯೆ ಕಡಿಮೆಯಾದಷ್ಟೂ ಒಳಬರುವ ಬೆಳಕು ಹೆಚ್ಚು: ಎಫ್ 3.5ರ ಲೆನ್ಸು ಸೆಕೆಂಡಿನ 40ನೇ ಒಂದು ಭಾಗದಷ್ಟು ಹೊತ್ತು ಕೇಳುವ ಕಡೆ ಎಫ್ 2ರ ಲೆನ್ಸಿಗೆ ಸುಮಾರು 125ನೇ ಒಂದು ಭಾಗ ಸಾಕು, ಎಫ್ 1.4ಕ್ಕೆ 250ನೇ ಒಂದು ಭಾಗವೇ ಸಾಕು. ದಿಗಿಣ ಹಾಕುತ್ತಾ ಗಿರಕಿ ಹೊಡೆಯುವ ಪುಂಡುವೇಷದ, ಅಂದರೆ ಎಳೆಯ ವೀರನ ಪಾತ್ರದ, ಮಟ್ಟಿಗೆ ಇದು ಸಣ್ಣ ವ್ಯತ್ಯಾಸವಲ್ಲ. ನನ್ನ ಹಳೆಯ ಲೆನ್ಸಿನಲ್ಲಿ ಹಿಡಿದ ಅಭಿಮನ್ಯುವಿಗೆ ಆರು ಕೈಗಳಿದ್ದುವು, ಮುಖವಿರಲಿಲ್ಲ. ಅದನ್ನು ನೋಡಿದ ಮೇಳದ ಚೆಂಡೆಯವರು ಪ್ರಸಂಗ ಯಾವುದೆಂದು ನನ್ನನ್ನೇ ಕೇಳಿದರು.

ಮೂರನೆಯ ಷರತ್ತು ಗಾತ್ರದ್ದು. ಸ್ಕೂಟರಿನ ಹಿಂದೆ ಅಮ್ಮ, ಮುಂದೆ ತರಕಾರಿಯ ಚೀಲ, ಹೆಗಲಲ್ಲಿ ಕೊಡೆ ಇರುವವನು ಲೆನ್ಸಿಗೆಂದು ಬೇರೆ ಬ್ಯಾಗು ಹೊರುವ ಸ್ಥಿತಿಯಲ್ಲಿರುವುದಿಲ್ಲ. ಕನ್ನಡಿಯುಳ್ಳ ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಲೆನ್ಸಿಗೂ ಸೆನ್ಸರಿಗೂ ನಡುವೆ ಕನ್ನಡಿ ಮೇಲೇಳಲು ಜಾಗ ಬಿಡಬೇಕಿತ್ತು; ಕಡಿಮೆ ಮಿ.ಮೀ.ನ ಲೆನ್ಸಿನ ಬೆಳಕನ್ನು ಅಷ್ಟು ಹಿಂದಕ್ಕೆ ತಲುಪಿಸಲು ಗಾಜಿನ ಮೇಲೆ ಗಾಜು ಸೇರಿಸಿ ಅದು ದಪ್ಪವಾಗುತ್ತಿತ್ತು. ಮಿರರ್‌ಲೆಸ್‌ನಲ್ಲಿ ಆ ಕಾಟವಿಲ್ಲ. ಹಾಗಿದ್ದರೂ ಎಫ್ 1.4 ಬೇಕೆನ್ನುವವರು ತೂಕಕ್ಕೆ ಸಿದ್ಧರಿರಬೇಕು: ಸಿಗ್ಮಾದ 16 ಮಿ.ಮೀ. ಎಫ್ 1.4 ಚಿತ್ರಗಳಿಗೆ ಹೆಸರು ಮಾಡಿದ ಲೆನ್ಸೇ ಹೌದು, ತೂಕ ಮಾತ್ರ ಸುಮಾರು 400 ಗ್ರಾಂ. ನನ್ನ ಪುಟ್ಟ ಕ್ಯಾಮೆರಾಕ್ಕೆ ಸಿಕ್ಕಿಸಿ ಕುತ್ತಿಗೆಗೆ ಹಾಕಿಕೊಂಡರೆ ಬಳ್ಳಿಯಲ್ಲಿನ ಮಂಗಳೂರು ಸೌತೆಯಂತೆ ಮುಖ ಕೆಳಗಾಗಿ ಜೋಲುತ್ತದೆ. ಅದೇ ಕಂಪೆನಿಯ 10–18 ಎಫ್ 2.8 ಜೂಮ್ ಸುಮಾರು 260 ಗ್ರಾಂ, ಅಗಲವೂ ಬೇಕಾದಷ್ಟು. ಆದರೆ 1.4ಕ್ಕೆ ಹೋಲಿಸಿದರೆ ಬೆಳಕು ನಾಲ್ಕನೇ ಒಂದು ಪಾಲು. ಹಗಲಿನಲ್ಲಿ ಮಾತ್ರ ತಿರುಗಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ.

ತೀರಾ ಅಗಲವೂ ಅಪಾಯವೆಂಬುದು ಬ್ರಹ್ಮಾವರದ ಒಂದು ಗೃಹಪ್ರವೇಶದಲ್ಲಿ ಖಚಿತವಾಯಿತು. ಗೆಳೆಯನೊಬ್ಬ ಪರೀಕ್ಷೆಗೆಂದು ಕೊಟ್ಟಿದ್ದ 10 ಮಿ.ಮೀ. ಲೆನ್ಸಿನಲ್ಲಿ ಇಡೀ ಕುಟುಂಬವನ್ನು ಚಾವಡಿಯಲ್ಲಿ ನಿಲ್ಲಿಸಿ ಹಿಡಿದಾಗ, ಬಲ ಅಂಚಿನಲ್ಲಿದ್ದ ದೊಡ್ಡತ್ತೆ ಇಬ್ಬರಷ್ಟಾಗಿದ್ದರು. "ನಾನು ಇಷ್ಟು ಅಗಲ ಉಂಟಾ?" ಎಂದು ಅವರು ಕೇಳಿದ ಧ್ವನಿಗೆ ಅಡುಗೆಯವರೂ ಹೊರಬಂದರು. ಇದು ಲೆನ್ಸಿನ ದೋಷವಲ್ಲ, ಇಷ್ಟು ವಿಶಾಲವಾದ ನೋಟವನ್ನು ಚಪ್ಪಟೆ ಚಿತ್ರದಲ್ಲಿ ಗೋಡೆ ಕಂಬಗಳು ಬಾಗದಂತೆ ಇಳಿಸುವಾಗ ಅಂಚಿನಲ್ಲಿರುವುದೆಲ್ಲ ಹಿಗ್ಗಲೇಬೇಕು ಎಂದು ವಿವರಿಸಿದೆ. ವಿವರಣೆ ಯಾರ ಕೋಪವನ್ನೂ ತಣಿಸಲಿಲ್ಲವಾದರೂ ಎಲ್ಲರಿಗೂ ಅರ್ಥವಾಗಿತ್ತೆನ್ನುವುದು ಮುಂದಿನ ಚಿತ್ರದಲ್ಲಿ ತಿಳಿಯಿತು. ಇಡೀ ಬಳಗ ನಡುವಿನ ಒಂದೇ ಚಾಪೆಯ ಮೇಲೆ ಒತ್ತಿಕೊಂಡಿತ್ತು. ಎಡ ಅಂಚಿನಲ್ಲಿ ಕಾಲುದೀಪ ಮಾತ್ರ, ಬಲ ಅಂಚಿನಲ್ಲಿ ಏನೂ ಅರಿಯದ ಪುರೋಹಿತರು ಮಾತ್ರ ಉಳಿದಿದ್ದರು. ಪುರೋಹಿತರಿಗೆ ಆ ಚಿತ್ರವನ್ನು ಈವರೆಗೆ ಕಳಿಸಿಲ್ಲ.

ಕೊನೆಗೆ ನಾನು ಕೊಂಡದ್ದು ಸ್ಯಾಮ್ಯಾಂಗಿನ 12 ಮಿ.ಮೀ. ಎಫ್ 2. ಹತ್ತಿರ ಹತ್ತಿರ 250 ಗ್ರಾಂ. ಮುಂದಿನ ಗಾಜು ಹೊರಕ್ಕೆ ಉಬ್ಬಿಲ್ಲವಾದ್ದರಿಂದ 67 ಮಿ.ಮೀ. ಫಿಲ್ಟರು ಹಾಕಬಹುದು. ಹುಲಿವೇಷದ ಹತ್ತಿರ ಹೋಗುವವರಿಗೆ ಇದು ಮುಖ್ಯ, ಏಕೆಂದರೆ ಅಗಲ ಲೆನ್ಸಿನಲ್ಲಿ ಹುಲಿ ದೊಡ್ಡದಾಗಿ ಕಾಣಬೇಕಾದರೆ ಬಾಲದ ಅಳತೆಯೊಳಗೇ ನಿಲ್ಲಬೇಕು, ಹಾಗೂ ಹುಲಿಯ ಹಳದಿ ಬಣ್ಣ ಗಾಜಿಗಿಂತ ಫಿಲ್ಟರಿಗೆ ಮೆತ್ತಿಕೊಳ್ಳುವುದು ಲೇಸು. ಇದರಲ್ಲಿ ಆಟೋಫೋಕಸ್ ಇಲ್ಲ. "ಈ ಕಾಲದಲ್ಲಿ ಕೈಯಲ್ಲಿ ತಿರುಗಿಸುವುದಾ?" ಎಂದು ಭಾವ ನಕ್ಕರು. ತಿರುಗಿಸುವ ಅಗತ್ಯ ಬಹುತೇಕ ಬೀಳುವುದಿಲ್ಲ. ಎಫ್ 2ರಲ್ಲಿಯೇ ಫೋಕಸಿನ ಉಂಗುರವನ್ನು ನಾಲ್ಕು ಮೀಟರಿನ ಆಸುಪಾಸಿನಲ್ಲಿ ನಿಲ್ಲಿಸಿಬಿಟ್ಟರೆ ಎರಡು ಮೀಟರಿನಿಂದ ಆಚೆ ಇರುವುದೆಲ್ಲ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಇಕ್ಕಟ್ಟಿನ ಜಾಗಕ್ಕೆಂದು ಕೊಳ್ಳುವ ಅಗಲ ಲೆನ್ಸಿಗೆ ಇರುವ ಈ ಸೌಕರ್ಯವನ್ನು ಯಾವ ಅಂಗಡಿಯವರೂ ನನಗೆ ಹೇಳಿರಲಿಲ್ಲ.

ಮೊನ್ನೆ ಹರಕೆಯ ಆಟವೊಂದರ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಭಾವನೂ ಬಂದಿದ್ದರು. ಎರಡು ಸಾಲು ಪೆಟ್ಟಿಗೆಗಳ ನಡುವೆ ಒಬ್ಬರು ನಡೆಯುವಷ್ಟೇ ದಾರಿ, ಅದರ ತುದಿಯಲ್ಲಿ ಬಣ್ಣದ ವೇಷದವರು, ಅಂದರೆ ರಾಕ್ಷಸನ ಪಾತ್ರದವರು, ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುತ್ತಾ ಕುಳಿತಿದ್ದರು. ನಾನು ನಿಂತಲ್ಲಿಂದಲೇ ಚೌಕಿಯನ್ನು ಪೂರ್ತಿಯಾಗಿ ಹಿಡಿದೆ. ಭಾವನ ಕ್ಯಾಮೆರಾ ಮುಖಗಳನ್ನು ತಾನೇ ಗುರುತಿಸುವಂಥದ್ದು. ಅದು ರಾಕ್ಷಸನ ಮುಖವನ್ನು ಮನುಷ್ಯನದೆಂದು ಒಪ್ಪದೆ, ಹಿಂದೆ ಪೆಟ್ಟಿಗೆಗೆ ಒರಗಿ ನಿದ್ದೆಹೋಗಿದ್ದ, ಇನ್ನೂ ಬಣ್ಣ ಹಚ್ಚದ ಕಲಾವಿದರೊಬ್ಬರ ಮುಖದ ಮೇಲೆ ತನ್ನ ಚೌಕವನ್ನು ಮತ್ತೆ ಮತ್ತೆ ಕೂರಿಸುತ್ತಿತ್ತು. ಭಾವ ಒಂದೇ ಸಮನೆ ಕ್ಲಿಕ್ಕಿಸಿದ ಸದ್ದಿಗೆ ಆ ಕಲಾವಿದರಿಗೆ ಎಚ್ಚರವಾಯಿತು. ಅವರು ಶಾಲು ಸರಿಪಡಿಸಿಕೊಂಡು ತಲೆ ನೇವರಿಸಿ, "ನಿದ್ದೆಯದ್ದು ಬೇಡ, ಈಗ ಒಂದು ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಾಕಿ ಮಾರಾಯ್ರೆ" ಎಂದು ಭಾವನಿಗೆ ಹೇಳಿದರು.