ಇಟ್ಟಿಗೆ ಹಾಸಿದ್ದು ಚೆಂದಕ್ಕಲ್ಲ

ಅಮೆರಿಕದ ಕಾರ್ ರೇಸ್ ಟ್ರ್ಯಾಕ್ ಇಂಡಿಯಾನಾಪೊಲಿಸ್ ಸ್ಪೀಡ್‌ವೇ ಬಗ್ಗೆ ಲೇಖನ ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ ಅದರಲ್ಲಿನ ‘ಟ್ರ್ಯಾಕ್‌ಗೆ ಒಂದು ಕಳೆ ಬರಲಿ ಅಂತ ಇಟ್ಟಿಗೆ ಹಾಸಿದರು’ ಅನ್ನೋ ಮಾತನ್ನು ಖಂಡಿತ ಒಪ್ಪಲಾರೆ. 1909ರಲ್ಲಿ ಶುರುವಾದಾಗ ಅಲ್ಲಿದ್ದದ್ದು ಜಲ್ಲಿ ಮತ್ತು ಟಾರು. ಆಗಸ್ಟ್‌ನಲ್ಲಿ ನಡೆದ ಮೊದಲ ಕಾರ್ ರೇಸ್‌ಗಳಲ್ಲೇ ಅದು ಕಿತ್ತುಬಂತು. ಗುಂಡಿಗಳು ಬಿದ್ದವು. ಚಿಮ್ಮಿದ ಕಲ್ಲು ತಗುಲಿ ರೇಸ್ ಚಾಲಕ ಲೂಯಿ ಷೆವ್ರೊಲೆ ಅವರ ಗಾಗಲ್ಸ್ ಒಡೆಯಿತು. ಒಬ್ಬ ಚಾಲಕ, ಇಬ್ಬರು ಮೆಕ್ಯಾನಿಕ್‌ಗಳು, ಸುಮ್ನೆ ನೋಡೋಕೆ ಬಂದಿದ್ದ ಇಬ್ಬರು, ಒಟ್ಟು ಐದು ಜೀವ ಹೋಯಿತು. ಅದೇ ವರ್ಷ ಸುಮಾರು 32 ಲಕ್ಷ ಇಟ್ಟಿಗೆ ಹಾಸಿದ್ದು ಈ ಕಾರಣಕ್ಕೆ. ಇದನ್ನು ಬಿಟ್ಟು ಅಂದಚೆಂದದ ಮಾತಾಡಿದರೆ ಸತ್ತವರಿಗೆ ಅನ್ಯಾಯ ಮಾಡಿದ ಹಾಗೆ ಅಲ್ವಾ?

ನೀವು ಕೊಟ್ಟ ಸೌಲಭ್ಯಗಳ ಪಟ್ಟಿಯಲ್ಲಿ ಗ್ಯಾಲರಿ, ಮ್ಯೂಸಿಯಂ ಎಲ್ಲಾ ಇದೆ. 2002ರಲ್ಲಿ ತಿರುವುಗಳ ಗೋಡೆಗೆ ಅಳವಡಿಸಿದ ಸೇಫರ್ ಬ್ಯಾರಿಯರ್ ಅನ್ನೋ ಸುರಕ್ಷಾ ತಡೆ ಮಾತ್ರ ಇಲ್ಲ. ಗೋಡೆಯ ಮುಂದೆ ಉಕ್ಕಿನ ಕೊಳವೆಗಳು, ಅವುಗಳ ಮತ್ತು ಕಾಂಕ್ರೀಟ್ ಗೋಡೆಯ ನಡುವೆ ಫೋಮ್. ಕಾರು ಬಡಿದಾಗ ಪೆಟ್ಟಿನ ಜೋರನ್ನು ಅದು ಹೀರಿಕೊಳ್ಳುತ್ತದೆ. ಇದನ್ನು ಮೊದಲು ಹಾಕಿದ್ದೇ ಈ ಟ್ರ್ಯಾಕ್‌ನಲ್ಲಿ. ನನ್ನ ಪ್ರಕಾರ ಅಲ್ಲಿನ ಎಲ್ಲ ಸೌಲಭ್ಯಕ್ಕಿಂತ ಇದೇ ದೊಡ್ಡದು, ದಯವಿಟ್ಟು ಸೇರಿಸಿ.