ತಿರುಗದ ಆಕೃತಿ, ಬಿಡದ ಪೈ

ಕ್ಯಾಲ್ಕುಲಸ್ ಪಾಠದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದೇ. ಗೆರೆಯನ್ನು ಅಕ್ಷದ ಸುತ್ತ ತಿರುಗಿಸಿ ಘನಫಲ ಕಂಡುಹಿಡಿಯುವುದನ್ನು ಮೊದಲು ಕಲಿಸಿದೆ. ಹಾಗೆ ತಿರುಗಿಸಿದ ಆಕೃತಿಯ ಹೋಳು ವೃತ್ತ, ಹಾಗಾಗಿ ಲೆಕ್ಕದಲ್ಲೆಲ್ಲ ಪೈ. ಮಕ್ಕಳು ಬೇಗ ಕಲಿತರು. ಆಮೇಲೆ ಬಿಡಲೇ ಇಲ್ಲ.

ಮುಂದಿನ ವಾರ ಹೊಸ ಲೆಕ್ಕ ಕೊಟ್ಟೆ. ತಳದಲ್ಲಿ 5 ಸೆಂ.ಮೀ. ತ್ರಿಜ್ಯದ ವೃತ್ತ. ಅದರ ಮೇಲೆ ಒಂದು ಘನಾಕೃತಿ. ಎಕ್ಸ್ ಅಕ್ಷಕ್ಕೆ ಲಂಬವಾಗಿ ಎಲ್ಲಿ ಕತ್ತರಿಸಿದರೂ ಅಡ್ಡಕೊಯ್ತ ಚೌಕವೇ. ಘನಫಲ ಎಷ್ಟು?

"ಸರ್, ಇದನ್ನ ಯಾವುದರ ಸುತ್ತ ತಿರುಗಿಸಿದ್ದು?"

"ಯಾವುದರ ಸುತ್ತಲೂ ಇಲ್ಲ. ಅದರ ಪಾಡಿಗೆ ಅದು ಸುಮ್ನೆ ನಿಂತಿದೆ."

"ಹಾಗಾದ್ರೆ ಪೈ ಎಲ್ಲಿಂದ ಬರುತ್ತೆ?"

"ಬರಲ್ಲ."

ಯಾರೂ ನಂಬಲಿಲ್ಲ. ಬೋರ್ಡಿನ ಮೇಲೆ ಚಿತ್ರ ಬರೆದೆ. ನನ್ನ ಅಕ್ಷರವೇ ಓದಲು ಕಷ್ಟ, ಇನ್ನು ಮೂರು ಆಯಾಮದ ಚಿತ್ರ ಕೇಳಬೇಕೇ? "ದಿಂಬು" ಎಂದಿತು ಒಂದು ದನಿ. "ಅಲ್ಲ, ಆಮೆ" ಎಂದಿತು ಇನ್ನೊಂದು. ನನಗೂ ಆಮೆಯೇ ಕಂಡಿತು.

ಸರಿ, ಮಾದರಿಯನ್ನೇ ಮಾಡೋಣ ಎಂದು ರಾತ್ರಿ ಕೂತು 1 ಸೆಂ.ಮೀ. ದಪ್ಪದ ಥರ್ಮಾಕೋಲಿನಲ್ಲಿ 10 ಚೌಕ ಕತ್ತರಿಸಿದೆ. ನಡುವಿನ ಎರಡರ ಬಾಹು 9.95 ಸೆಂ.ಮೀ., ತುದಿಯ ಎರಡರದು 4.36. ಮನೆಯಲ್ಲಿದ್ದ ಗಟ್ಟಿ ಅಂಟು ಹಚ್ಚಿ ಜೋಡಿಸಿದೆ. ದ್ರಾವಕ ಇರುವ ಅಂಟು ಥರ್ಮಾಕೋಲನ್ನು ಕರಗಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕಣ್ಣೆದುರೇ ಘನಫಲ ಸೊನ್ನೆಯತ್ತ ಹೊರಟಿತು. ಲಿಮಿಟ್ ಪಾಠಕ್ಕೆ ಒಳ್ಳೆಯ ಉದಾಹರಣೆ, ಆದರೆ ಆ ಪಾಠ ಮುಗಿದು ತಿಂಗಳುಗಳಾಗಿದ್ದವು. ಮರುದಿನ ರಸಾಯನಶಾಸ್ತ್ರದ ಮೇಷ್ಟ್ರು ಎಲ್ಲ ಕೇಳಿಸಿಕೊಂಡು ತುಂಬಾ ಹೊತ್ತು ನಕ್ಕರು.

ಮತ್ತೆ 10 ಚೌಕ. ಈ ಸಲ ಅಂಟಿಲ್ಲ. ತರಗತಿಯ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಕೈ ತೆಗೆದೆ, ಯಾರೋ ಫ್ಯಾನ್ ಹಾಕಿದರು. ಹತ್ತೂ ನೆಲಕ್ಕೆ. ಮಕ್ಕಳು ಓಡಿ ಆರಿಸಿ, ದೊಡ್ಡದರ ಮೇಲೆ ಚಿಕ್ಕದನ್ನಿಟ್ಟು ಮೆಟ್ಟಿಲು ಗೋಪುರ ಕಟ್ಟಿಬಿಟ್ಟರು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಒಬ್ಬಳು ಕೇಳಿದಳು: "ಸರ್, ಆಕಾರ ಬದಲಾಯ್ತು. ಘನಫಲ ಅಷ್ಟೇ ಅಲ್ವಾ?"

ಅಷ್ಟೇ! ಅವೇ ಹೋಳು, ಅದೇ ದಪ್ಪ. ಇಟಲಿಯ ಗಣಿತಜ್ಞ ಕವಲಿಯೇರಿ 1635ರಲ್ಲಿ ಇದಕ್ಕೆ ಹತ್ತಿರದ ಮಾತನ್ನೇ ಪುಸ್ತಕ ಬರೆದು ಹೇಳಿದ್ದ. ಒಂದೊಂದು ಎತ್ತರದಲ್ಲೂ ಅಡ್ಡಕೊಯ್ತಗಳ ವಿಸ್ತೀರ್ಣ ಸಮನಾಗಿದ್ದರೆ ಎರಡು ಆಕೃತಿಗಳ ಘನಫಲವೂ ಸಮ. ನಾನು ಎರಡು ದಿನ ಒದ್ದಾಡಿದ್ದನ್ನು ಫ್ಯಾನು ಎರಡು ಸೆಕೆಂಡಿನಲ್ಲಿ ಕಲಿಸಿತ್ತು.

ಹೋಳುಗಳ ಲೆಕ್ಕ ಕೂಡಿಸಿದೆವು: 670 ಘನ ಸೆಂ.ಮೀ. ಆಮೇಲೆ ಇಂಟಿಗ್ರೇಷನ್, ಅಂದರೆ ಲೆಕ್ಕವಿಲ್ಲದಷ್ಟು ತೆಳು ಹೋಳುಗಳನ್ನು ಕೂಡಿಸುವುದು. ನಡುವಿನಿಂದ ಹೋಳಿಗಿರುವ ದೂರ ಎಕ್ಸ್. 25ರಲ್ಲಿ ಎಕ್ಸ್‌ನ ವರ್ಗ ಕಳೆದು, ವರ್ಗಮೂಲ ತೆಗೆದು, ಎರಡರಷ್ಟು ಮಾಡಿದರೆ ಚೌಕದ ಬಾಹು. ಆ 'ಎರಡರಷ್ಟು' ಮರೆತವರಿಗೆ ಉತ್ತರದ ಕಾಲುಭಾಗ ಮಾತ್ರ ಸಿಕ್ಕಿತು. ಡಿಎಕ್ಸ್ ಬರೆಯದವರ ಕೈಗೆ ಒಂದು ಹೋಳು ಕೊಟ್ಟು, "ಇದರ ದಪ್ಪ ಎಲ್ಲಿ ಹೋಯ್ತು?" ಎಂದೆ. ಸರಿಯಾಗಿ ಮಾಡಿದವರಿಗೆ ಬಂದದ್ದು 2000/3, ಅಂದರೆ ಸುಮಾರು 666.67. ಹತ್ತೇ ಹೋಳಿಗೆ ಇಷ್ಟು ಹತ್ತಿರ ಬಂದಿದ್ದೆವು! ಹಿಂದಿನ ಬೆಂಚಿನ ಒಬ್ಬ ಮಾತ್ರ ಉತ್ತರದ ಪಕ್ಕ ಪೈ ಬರೆದಿದ್ದ. "ಇರಲಿ ಸರ್, ಬೇಕಾಗಬಹುದು" ಎಂದ.

ಕಿರುಪರೀಕ್ಷೆಯಲ್ಲಿ ಅದೇ ವೃತ್ತ ಕೊಟ್ಟು, ಚೌಕದ ಬದಲು ಅರ್ಧವೃತ್ತದ ಅಡ್ಡಕೊಯ್ತ ಕೇಳಿದೆ. ಪೈ ಬೇಡವೆಂಬ ನನ್ನ ಬೈಗುಳಕ್ಕೆ ಹೆದರಿದ್ದ ಬಹಳಷ್ಟು ಮಕ್ಕಳು ಅರ್ಧವೃತ್ತದ ವಿಸ್ತೀರ್ಣದಿಂದಲೂ ಪೈಯನ್ನು ಓಡಿಸಿದ್ದರು. ಹಿಂದಿನ ಬೆಂಚಿನವನದು ಮಾತ್ರ ಎರಡೇ ಸಾಲು: 250 ಪೈ ಭಾಗಿಸು 3, ಸುಮಾರು 261.8. ಪೂರ್ತಿ ಸರಿ.

ಕರೆದು ಕೇಳಿದೆ, "ಹೋಳು ಎಲ್ಲಪ್ಪಾ, ಇಂಟಿಗ್ರೇಷನ್ ಎಲ್ಲಿ?"

"ಇದು ಅರ್ಧ ಚೆಂಡು ಅಲ್ವಾ ಸರ್. ಗೋಳದ ಸೂತ್ರ ಹಾಕಿ ಅರ್ಧ ಮಾಡಿದೆ." ಸ್ವಲ್ಪ ತಡೆದು, "ಬೇಕಿದ್ರೆ ತಿರುಗಿಸಿಯೂ ತೋರಿಸ್ತೀನಿ" ಎಂದ.