ಬರದ ಊರಿನಲ್ಲಿ ಯಮುನೆ

ಹೋದ ಭಾನುವಾರ ಕ್ಲಾಸಿನಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಕೇಳಿದಳು, "ಮಿಸ್, ಹಾಡಲ್ಲಿ ಏನ್ ಹೇಳ್ತಿದ್ದಾರೆ ಅಂತ ಗೊತ್ತಿಲ್ದೆ ನಗೋದು ಹೇಗೆ?" ತೆಲುಗು ಪದ ಅದು, ಅಂದರೆ ಅಭಿನಯಕ್ಕೆ ಹಾಡುವ ಹಾಡು. ಅವಳ ಮನೆಮಾತು ಕನ್ನಡ. ನಾನು ಇಪ್ಪತ್ತು ವರ್ಷ ಭರತನಾಟ್ಯ ಮಾಡಿದವಳು, ಆದರೂ ಉತ್ತರ ತಕ್ಷಣ ಬಾಯಿಗೆ ಬರಲಿಲ್ಲ. ರಾತ್ರಿ ಮಲಗಿದಾಗ ನರ್ತಕಿ, ನೃತ್ಯ ಸಂಯೋಜಕಿ ಚಂದ್ರಲೇಖಾ ನೆನಪಾದರು.

1952ರಲ್ಲಿ ಅವರ ರಂಗಪ್ರವೇಶ. ರಾಯಲಸೀಮೆಯ ಬರ ಪರಿಹಾರಕ್ಕೆ ಹಣ ಕೂಡಿಸಲು ಇಟ್ಟಿದ್ದ ಕಾರ್ಯಕ್ರಮ ಅದು. ಗುರು ಎಲ್ಲಪ್ಪ ಪಿಳ್ಳೈ 'ಮಥುರಾನಗರಿಲೋ' ಎಂಬ ತೆಲುಗು ಹಾಡು ಹಾಡುತ್ತಿದ್ದಾರೆ, ಇವರು ಯಮುನೆ, ತುಂಬಿದ ನೀರು, ಸಖಿಯರ ನೀರಾಟ ಎಲ್ಲ ಅಭಿನಯಿಸುತ್ತಿದ್ದಾರೆ. ಪೇಪರಿನಲ್ಲಿ ನೋಡಿದ್ದ ಫೋಟೋಗಳು ಆಗ ಕಣ್ಮುಂದೆ ಬಂದವಂತೆ. ಬಿರುಕು ಬಿಟ್ಟ ನೆಲ, ಸಣ್ಣ ಸಣ್ಣ ಡಬ್ಬ ಹಿಡಿದು ನೀರಿಗಾಗಿ ಸಾಲುಗಟ್ಟಿ ನಿಂತ ಜನ. ಮೈ ಹಾಗೇ ಮರಗಟ್ಟಿಹೋಯಿತು ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ.

ಇದನ್ನು ಮೊದಲ ಸಲ ಓದಿದಾಗ ನಾನು ಅತ್ತಿದ್ದೆ. ಯಾಕೆಂದರೆ ನಮ್ಮೂರು ಪಾವಗಡ ಕಡೆ, ರಾಯಲಸೀಮೆಯ ಅನಂತಪುರಕ್ಕೆ ಅಂಟಿಕೊಂಡ ಜಾಗ. ಹನ್ನೊಂದನೇ ವಯಸ್ಸಿನಲ್ಲಿ ನಾನೂ ಸ್ಟೇಜಿನ ಮೇಲೆ ಯಮುನೆಯಿಂದ ಕೊಡ ತುಂಬಿಸಿಕೊಂಡು ಬಳುಕುತ್ತಾ ನಡೆದಿದ್ದೆ. ಮನೆಗೆ ಬಂದರೆ ಅಮ್ಮ ಟ್ಯಾಂಕರಿಗೆ ಕಾಯುತ್ತಾ ಬಿಂದಿಗೆ ಸಾಲಿನಲ್ಲಿ ನಿಂತಿದ್ದಳು. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದರಿಂದ ಅಜ್ಜಿಯ ಮಂಡಿ ಮಡಚುತ್ತಿರಲಿಲ್ಲ, ಗೋಡೆ ಹಿಡಿದೇ ಏಳುತ್ತಿದ್ದಳು. ನೀರಿನ ಬಗ್ಗೆ ಅವಳ ಮೈಗೆ ಗೊತ್ತಿದ್ದದ್ದು ಯಾವ ಪದದಲ್ಲೂ ಇರಲಿಲ್ಲ.

ಚಂದ್ರಲೇಖಾ ಬರೀ ನರ್ತಕಿಯಲ್ಲ. ಬರೆಯುತ್ತಿದ್ದರು, ಪೋಸ್ಟರ್ ಮಾಡುತ್ತಿದ್ದರು, ಹೆಂಗಸರ ಚಳವಳಿಯಲ್ಲಿ ಇದ್ದರು. ತುಂಬಾ ವರ್ಷ ವೇದಿಕೆಯಿಂದ ದೂರವೇ ಉಳಿದು, 1985ರಲ್ಲಿ 'ಆಂಗಿಕ' ಎಂಬ ನೃತ್ಯ ತಂದರು. ದೇವರ ಕಥೆ ಇಲ್ಲ, ನಲ್ಲನಿಗಾಗಿ ಕಾಯುವ ನಾಯಿಕೆ ಇಲ್ಲ, ಭರತನಾಟ್ಯದ ಮೂಲ ಹೆಜ್ಜೆಗಳಾದ ಅಡವು ಮತ್ತು ಕೇರಳದ ಸಮರಕಲೆ ಕಳರಿಪಯಟ್ಟು ಅಕ್ಕಪಕ್ಕ. ಕ್ಲಾಸಿನಲ್ಲಿ ನಾವು ದಿನಾ ಹೇಳುವ ಧ್ಯಾನಶ್ಲೋಕವೂ ಶುರುವಾಗುವುದು 'ಆಂಗಿಕಂ', ಅಂದರೆ ಮೈಯಿಂದ ತೋರಿಸುವುದು, ಎಂದೇ ಅಲ್ವಾ? ಮೊದಲು ಮೈ, ಆಮೇಲೆ ಮಾತು. ಬಾಯಿಪಾಠ ಮಾಡಿದ್ದೇವೆ, ಯೋಚನೆ ಮಾಡಿಲ್ಲ.

ಹಾಗಂತ ಅವರು ಮಾತನ್ನು ಬಿಟ್ಟುಬಿಡಲಿಲ್ಲ. 1989ರಲ್ಲಿ ಭಾಸ್ಕರಾಚಾರ್ಯನ 'ಲೀಲಾವತಿ'ಯನ್ನು ಕುಣಿಸಿದರು. ಹೌದು, ಗಣಿತದ ಪುಸ್ತಕ! ಅದರಲ್ಲೊಂದು ಲೆಕ್ಕವಿದೆ. ಜೇನುಹಿಂಡಿನ ಅರ್ಧದ ವರ್ಗಮೂಲದಷ್ಟು ದುಂಬಿ ಮಾಲತಿ ಹೂವಿಗೆ ಹೋದವು, ಹಿಂಡಿನ ಒಂಬತ್ತರಲ್ಲಿ ಎಂಟು ಪಾಲೂ ಅತ್ತಲೇ ಹೋಯಿತು, ರಾತ್ರಿ ತಾವರೆಯೊಳಗೆ ಸಿಕ್ಕಿಬಿದ್ದ ಒಂದು ಗಂಡು ದುಂಬಿ ಒಳಗಿನಿಂದ ಗುಂಯ್ ಅನ್ನುತ್ತಿದೆ, ಹೊರಗಿನಿಂದ ಅದರ ಹೆಣ್ಣು ಉತ್ತರ ಕೊಡುತ್ತಿದೆ, ಒಟ್ಟು ಎಷ್ಟು? ಉತ್ತರ 72. ಆದರೆ ಓದಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಎರಡು ದುಂಬಿಗಳು. ಲೆಕ್ಕದ ಮಾತಿನಲ್ಲೂ ಇಷ್ಟು ಜೀವ ಇರುವಾಗ ಮೈ ಸುಮ್ನೆ ಹೇಗಿರುತ್ತದೆ?

ನಾವೇನು ಮಾಡುತ್ತಿದ್ದೇವೆ? 'ಕಮಲ' ಅಂದರೆ ಕಮಲದ ಕೈ, 'ಬಾ' ಅಂದರೆ ಕರೆಯುವ ಕೈ. ಸಾಲು ಮುಗಿದ ಕೂಡಲೇ ಮುಂದಿನ ಸಾಲು. ಹಾಡಿನ ಹಿಂದೆ ಓಡುವುದೇ ಅಭಿನಯ ಎಂದು ಮಕ್ಕಳಿಗೆ ಕಲಿಸುವುದು ತಪ್ಪು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಹಳೆಯದು ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಮೈಸೂರಿನ ನರ್ತಕಿ ವೆಂಕಟಲಕ್ಷಮ್ಮನವರು ದೊಡ್ಡವರಾದದ್ದು ಅಭಿನಯದಿಂದಲೇ. ಒಂದೇ ಸಾಲನ್ನು ಹತ್ತು ಥರ ಹೇಳುವ ಸಂಚಾರಿಯಲ್ಲಿ ಮೈ ಹಾಡಿನ ಜೊತೆ ಜಗಳವನ್ನೂ ಆಡಬಹುದು. ಆ ಜಗಳಕ್ಕೆ ಮಗುವಿಗೆ ಮಾತಿನ ಅರ್ಥ ಗೊತ್ತಿರಬೇಕು, ತನ್ನ ಮೈಯ ಮೇಲೆ ನಂಬಿಕೆಯೂ ಇರಬೇಕು.

ಚಂದ್ರಲೇಖಾ ಅವರ ಕೊನೆಯ ಕೃತಿ, 2001ರ 'ಶರೀರ'ದಲ್ಲಿ ಕುಣಿದ ತಿಶಾನಿ ದೋಶಿ ಕವಿ. ಹಗಲೆಲ್ಲ ಪದಗಳ ಜೊತೆ ಕೆಲಸ ಮಾಡುವವರು ಗುಂದೇಚಾ ಸಹೋದರರ ಧ್ರುಪದ ಗಾಯನಕ್ಕೆ ಅಷ್ಟು ನಿಧಾನವಾಗಿ, ಒಂದು ಮಾತೂ ಆಡದೆ ಕುಣಿಯುವುದೆಂದರೆ ಏನು ಅಂತ ನಾನು ಆಗಾಗ ಯೋಚಿಸುತ್ತೇನೆ.

ಈ ಭಾನುವಾರ ಹಾಡು ಹಾಕಲಿಲ್ಲ. ಆ ಪದದ ಅರ್ಥವನ್ನು ಕನ್ನಡದಲ್ಲಿ ಹೇಳಿದೆ. ಆಮೇಲೆ, ನಿಮ್ಮ ಮನೆಗೆ ನೀರು ಹೇಗೆ ಬರುತ್ತದೆ, ತೋರಿಸಿ ಅಂದೆ. ಪ್ರಶ್ನೆ ಕೇಳಿದ್ದ ಆ ಹುಡುಗಿ ಎದ್ದು ನಿಂತು, ಅವಳಮ್ಮ 20 ಲೀಟರಿನ ಕ್ಯಾನನ್ನು ಮೊದಲು ತೊಡೆಯ ಮೇಲೆ ಎಳೆದುಕೊಂಡು, ಒಂದು ಸಲ ಉಸಿರು ಬಿಗಿಹಿಡಿದು, ಹೆಗಲಿಗೆ ಏರಿಸುವುದನ್ನು ಮಾಡಿ ತೋರಿಸಿದಳು. ಮೆಟ್ಟಿಲು ಹತ್ತುವಾಗ ಬಲಗಡೆಗೆ ವಾಲುವುದನ್ನೂ ಬಿಡಲಿಲ್ಲ.